ಮಗುವನ್ನು ಆಟಕ್ಕೆ ಕಳಿಸುವ ಮುಂಚೆ: ಅಮೆರಿಕದ ಬಂದೂಕು ಕಾನೂನು, ನಮ್ಮ ಕಲಬುರಗಿ ಕಡೆಯವರಿಗೆ

ಹೋಳಿ ಹುಣ್ಣಿಮೆ ಮುಗಿದು ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ನಡೆದಿತ್ತು. ನಾನು ಅಮೆರಿಕದಿಂದ ರಜೆಗೆ ಬಂದಿದ್ದೆ. ಅಕ್ಕನ ಮಗಳು, ಅವಳ ಗಂಡ, ಏಳು ವರ್ಷದ ಮಗ ಮುಂದಿನ ವಾರ ಅಲ್ಲಿನ ಟೆಕ್ಸಸ್ ರಾಜ್ಯದ ಡಲ್ಲಾಸ್‌ಗೆ ಹೊರಡುವವರಿದ್ದರು. ಹುಡುಗ ಜಾತ್ರೆಯಲ್ಲಿ ಕೊಡಿಸಿಕೊಂಡ ಕರಿ ಪ್ಲಾಸ್ಟಿಕ್ ಪಿಸ್ತೂಲನ್ನು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟಿದ್ದ. ನಾನು ಅದನ್ನು ತೆಗೆದು ಹೊರಗಿಟ್ಟೆ. ಹುಡುಗ ಅತ್ತುಬಿಟ್ಟ. "ಆಟದ ಸಾಮಾನ ಅದ, ಒಯ್ಲಿ ಬಿಡೋ ತಮ್ಮಾ" ಅಂತ ಅಕ್ಕ ಬೇಜಾರು ಮಾಡಿಕೊಂಡಳು.

ಅವತ್ತು ರಾತ್ರಿ ಊಟ ಆದಮೇಲೆ ಅವರಿಗೆಲ್ಲ ಕೂತು ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರು ನನ್ನನ್ನು ಬಾಡಿಗೆ ಮನೆ ಬಗ್ಗೆ ಕೇಳುತ್ತಾರೆ, ಶಾಲೆ ಬಗ್ಗೆ ಕೇಳುತ್ತಾರೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಬಂದೂಕಿನ ಬಗ್ಗೆ ಯಾರೂ ಕೇಳುವುದಿಲ್ಲ.

ಆ ಆಟಿಕೆಯ ವಿಷಯ ಮೊದಲು ಹೇಳಿಬಿಡುತ್ತೇನೆ. 2014ರಲ್ಲಿ ಕ್ಲೀವ್‌ಲ್ಯಾಂಡ್ ಊರಿನ ಪಾರ್ಕಿನಲ್ಲಿ ತಮೀರ್ ರೈಸ್ ಎಂಬ 12 ವರ್ಷದ ಹುಡುಗ ಆಟಿಕೆ ಪಿಸ್ತೂಲು ಹಿಡಿದುಕೊಂಡಿದ್ದ. ಯಾರೋ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರು. ಪೊಲೀಸರ ಕಾರು ಬಂದು ನಿಂತ ಎರಡು ಸೆಕೆಂಡಿನೊಳಗೆ ಅವನ ಮೇಲೆ ಗುಂಡು ಹಾರಿತು. ಹುಡುಗ ಉಳಿಯಲಿಲ್ಲ. ಅಲ್ಲಿ ಮಾರುವ, ಅಸಲಿಯಂತೆ ಕಾಣುವ ಆಟಿಕೆ ಬಂದೂಕಿಗೆ ತುದಿಯಲ್ಲಿ ಕಿತ್ತಳೆ ಬಣ್ಣ ಇಲ್ಲವೇ ಅಂಥದೇ ಗುರುತು ಇರಲೇಬೇಕು ಅಂತ ಕಾನೂನಿದೆ. ಆ ಹುಡುಗನ ಕೈಯಲ್ಲಿದ್ದ ಆಟಿಕೆಗೆ ಆ ಬಣ್ಣದ ತುದಿ ಇರಲಿಲ್ಲ. ನಮ್ಮ ಜಾತ್ರೆಯ ಪಿಸ್ತೂಲಿಗೂ ಇರುವುದಿಲ್ಲ. ಅದನ್ನು ಶಾಲೆ ಚೀಲದಲ್ಲಿ ಒಯ್ದರೆ ಮಗುವನ್ನು ಕೆಲವು ದಿನ ಮನೆಗೆ ಕಳಿಸಿಬಿಡುತ್ತಾರೆ. ಅದಕ್ಕೇ ಅದು ಅಜ್ಜಿ ಮನೆಯಲ್ಲೇ ಉಳಿಯಲಿ ಅಂದೆ.

ಇನ್ನು ಕಾನೂನಿನ ಬುಡಕ್ಕೆ ಬರೋಣ. ನಮ್ಮಲ್ಲಿ ಬಂದೂಕು ಇಟ್ಟುಕೊಳ್ಳುವುದು ಸರ್ಕಾರ ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಅರ್ಜಿ ಹಾಕಬೇಕು, ಯಾಕೆ ಬೇಕು ಅಂತ ಕಾರಣ ಕೊಡಬೇಕು, ಪೊಲೀಸರು ವಿಚಾರಣೆ ಮಾಡಬೇಕು. ಹೊಲ ಕಾಯಲು ಲೈಸೆನ್ಸ್ ಬಂದೂಕು ಇಟ್ಟುಕೊಂಡ ಕಾಕಾ ಯಾರಾದರೂ ನಿಮ್ಮ ಊರಲ್ಲಿದ್ದರೆ ನಿಮಗೇ ಗೊತ್ತು, ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಅಮೆರಿಕದಲ್ಲಿ ಅದು ಅನುಮತಿ ಅಲ್ಲ, ಹಕ್ಕು. 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೇ ತಿದ್ದುಪಡಿಯಿಂದ ಬಂದದ್ದು. ನಮ್ಮಲ್ಲಿ ಬಂದೂಕು ಕೇಳುವವನು ಕಾರಣ ಹೇಳಬೇಕು. ಅಲ್ಲಿ ಬಂದೂಕು ಬೇಡ ಅನ್ನುವ ಸರ್ಕಾರ ಕಾರಣ ಹೇಳಬೇಕು. ಇದೊಂದು ತಲೆಯಲ್ಲಿದ್ದರೆ ಅಲ್ಲಿನ ಜಗಳಗಳೆಲ್ಲ ಅರ್ಥವಾಗುತ್ತವೆ.

ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಕೆಲವೇ ಇವೆ. 1968ರ ಕಾನೂನಿನ ಪ್ರಕಾರ ಲೈಸೆನ್ಸ್ ಇರುವ ಅಂಗಡಿಯವರು 21 ವರ್ಷ ತುಂಬದವರಿಗೆ ಪಿಸ್ತೂಲು ಮಾರುವಂತಿಲ್ಲ. ರೈಫಲ್‌ನಂಥ ಉದ್ದ ಬಂದೂಕಿಗೆ 18 ಸಾಕು. 1998ರಿಂದ ಅಂಗಡಿಯವರು ಮಾರುವ ಮುಂಚೆ ಕೊಳ್ಳುವವನ ಹಿನ್ನೆಲೆಯನ್ನು ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿಸುತ್ತಾರೆ. ಆದರೆ ಅಂಗಡಿಯಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇನ್ನೊಬ್ಬನಿಗೆ ಮಾರಿದರೆ ಆ ಪರೀಕ್ಷೆ ಮಾಡಿಸಲೇಬೇಕು ಅಂತ ದೇಶದ ಕಾನೂನು ಹೇಳುವುದಿಲ್ಲ. ಕೆಲವು ರಾಜ್ಯಗಳು ಮಾತ್ರ ಹೇಳುತ್ತವೆ. 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಉವಾಲ್ಡೆ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಕೊಂದವನಿಗೆ 18 ವರ್ಷ. ತುಂಬಿದ ಕೆಲವೇ ದಿನಗಳಲ್ಲಿ ಅಂಗಡಿಯಿಂದ ಕಾನೂನು ಪ್ರಕಾರವೇ ರೈಫಲ್ ಕೊಂಡಿದ್ದ. ಅದಾದ ಮುಂದಿನ ತಿಂಗಳು ಹೊಸ ಕಾನೂನು ಬಂತು. 21 ತುಂಬದವರು ಕೊಳ್ಳಲು ಬಂದರೆ ಅವರ ಬಾಲ್ಯದ ದಾಖಲೆಗಳನ್ನೂ ನೋಡುತ್ತಾರೆ.

ಉಳಿದದ್ದೆಲ್ಲ ರಾಜ್ಯದ ಕೈಯಲ್ಲಿದೆ. ನ್ಯೂಜೆರ್ಸಿಯಲ್ಲಿ ಪಿಸ್ತೂಲು ಕೊಳ್ಳಲು ಪರ್ಮಿಟ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಬೇಕು. ಟೆಕ್ಸಸ್‌ನಲ್ಲಿ 2021ರಿಂದ 21 ದಾಟಿದ ಹೆಚ್ಚಿನವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ಕಿರಾಣಿ ಅಂಗಡಿಯಲ್ಲಿ ಮುಂದೆ ನಿಂತವರ ಸೊಂಟದಲ್ಲಿ ಪಿಸ್ತೂಲು ಕಂಡರೆ ಗಾಬರಿಯಾಗಬೇಡಿ, ದಿಟ್ಟಿಸಿ ನೋಡಲೂ ಬೇಡಿ.

ಈಗ ನಮ್ಮ ಹುಡುಗರು ಎಡವುವ ಜಾಗ. ವೀಕೆಂಡಿನಲ್ಲಿ ಆಫೀಸಿನವರು "ಶೂಟಿಂಗ್ ರೇಂಜ್‌ಗೆ ಬಾ, ಸುಮ್ನೆ ನಾಲ್ಕು ಗುಂಡು ಹೊಡೆದು ಬರೋಣ" ಅಂತ ಕರೆಯುತ್ತಾರೆ. ಹೋಗುತ್ತಾರೆ, ಫೋಟೊ ತೆಗೆದು ಹಾಕುತ್ತಾರೆ. ಕೆಲಸದ ಎಚ್-1ಬಿ, ಅವರ ಹೆಂಡತಿ, ಗಂಡ, ಮಕ್ಕಳ ಎಚ್-4, ಕಂಪನಿಯೇ ಕಳಿಸುವ ಎಲ್-1, ವಿದ್ಯಾರ್ಥಿ ವೀಸಾ, ತಂದೆ ತಾಯಿಯ ಬಿ-2 ಭೇಟಿ ವೀಸಾ, ಇವು ಯಾವುದರಲ್ಲಿದ್ದರೂ ಬಂದೂಕಾಗಲಿ ಮದ್ದುಗುಂಡಾಗಲಿ ನಿಮ್ಮ ಬಳಿ ಇರುವುದು ಅಪರಾಧ. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಹಿಡಿದರೂ ಅದರ ಲೆಕ್ಕಕ್ಕೇ ಬರುತ್ತದೆ. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದನ್ನು ನಂಬಿ ಮುಂದೆ ಹೋಗುವುದಾದರೆ ವಕೀಲರನ್ನು ಕೇಳಿಯೇ ಹೋಗಿ. ಶಿಕ್ಷೆ 15 ವರ್ಷದವರೆಗೆ ಆಗಬಹುದು, ದೇಶದಿಂದ ಹೊರಗೂ ಹಾಕಬಹುದು. ಎಷ್ಟೋ ವರ್ಷ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿಗೆ, ಕಾದು ಕೂತವರು ಒಂದು ಫೋಟೊಗೋಸ್ಕರ ಅದನ್ನೆಲ್ಲ ಪಣಕ್ಕಿಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ.

ಆದರೆ ಅಕ್ಕನ ಮಗಳಿಗೆ ನಾನು ಮೂರು ಸಲ ಹೇಳಿದ್ದು ಬೇರೆ ಮಾತು. 2020ರಿಂದ ಅಮೆರಿಕದಲ್ಲಿ 1ರಿಂದ 19 ವರ್ಷದ ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಂದೂಕು. ಮುಂಚೆ ವಾಹನ ಅಪಘಾತ ಮೊದಲಿತ್ತು. ಶಾಲೆಯ ಗುಂಡಿನ ದಾಳಿ ನಮ್ಮ ಟಿವಿಯಲ್ಲೂ ಬರುತ್ತದೆ, ಆದರೆ ಈ ಸಾವುಗಳಲ್ಲಿ ಅದರ ಪಾಲು ತೀರ ಸಣ್ಣದು. ಹೆಚ್ಚಿನವು ಬೀದಿ ಜಗಳದಲ್ಲಿ, ಮನೆಯೊಳಗೆ, ಮಕ್ಕಳು ತಮ್ಮ ಜೀವ ತಾವೇ ತೆಗೆದುಕೊಂಡಾಗ, ಇಲ್ಲವೇ ಕೈಗೆ ಸಿಕ್ಕ ಬಂದೂಕಿನ ಜೊತೆ ಆಡುವಾಗ ಆದವು. ಅಲ್ಲಿ ಹತ್ತರಲ್ಲಿ ನಾಲ್ಕು ಮಂದಿ ದೊಡ್ಡವರು ತಮ್ಮ ಮನೆಯಲ್ಲಿ ಬಂದೂಕಿದೆ ಅನ್ನುತ್ತಾರೆ. ಅಂದರೆ ನಿಮ್ಮ ಮಗ ಆಡಲು ಹೋಗುವ ಯಾವುದಾದರೂ ಒಂದು ಮನೆಯಲ್ಲಿ ಇದ್ದೇ ಇರುತ್ತದೆ.

ಅದಕ್ಕೇ ಮಗುವನ್ನು ಕಳಿಸುವ ಮುಂಚೆ ಆ ಮನೆಯವರನ್ನು ಕೇಳಿ: "ನಿಮ್ಮಲ್ಲಿ ಬಂದೂಕು ಇದೆಯಾ? ಇದ್ದರೆ ಬೀಗ ಹಾಕಿ ಇಟ್ಟಿದ್ದೀರಾ?"

ಇದನ್ನು ಕೇಳುವುದು ನಮಗೆ ಎಷ್ಟು ಕಷ್ಟ ಅಂತ ಗೊತ್ತು. ಇನ್ನೊಬ್ಬರ ಮನೆಯಲ್ಲಿ ಏನಿದೆ ಅಂತ ಕೇಳುವುದು ನಮ್ಮ ಕಡೆ ಮರ್ಯಾದೆ ಅಲ್ಲ. "ಮಂದಿ ಏನಂತಾರ?" ಅಂದಳು ಅಕ್ಕ. ಆದರೆ ನಮ್ಮ ಹುಡುಗ ಮೊಟ್ಟೆ, ಮಾಂಸ ತಿನ್ನಲ್ಲ ಅಂತ ಹೇಳಲು ನಾವು ಹಿಂದೆ ಮುಂದೆ ನೋಡಲ್ಲ ಅಲ್ವಾ? ಅದೇ ಉಸಿರಿನಲ್ಲಿ ಇದನ್ನೂ ಕೇಳಿ. ನಾಯಿ ಇದೆಯಾ, ಈಜುಕೊಳಕ್ಕೆ ಬೇಲಿ ಇದೆಯಾ, ಬಂದೂಕು ಬೀಗದಲ್ಲಿದೆಯಾ. ಬಾಯಿಬಿಟ್ಟು ಕೇಳಲು ಆಗದಿದ್ದರೆ ಮೆಸೇಜ್ ಹಾಕಿ. ನನ್ನ ಮಗಳು ಮೊದಲ ಸಲ ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯಲು ಹೊರಟಾಗ ನಾನು ಮೆಸೇಜ್ ಬರೆದು ಅರ್ಧ ಗಂಟೆ ಕಳಿಸದೆ ಕೂತಿದ್ದೆ. ಕಳಿಸಿದ ಮೇಲೆ ಆ ತಾಯಿ ಕಪಾಟಿನ ಬೀಗದ ಫೋಟೊ ಕಳಿಸಿದಳು, ಕೇಳಿದ್ದು ಒಳ್ಳೆಯದಾಯಿತು ಅಂದಳು. ಅಲ್ಲಿಯ ಮಕ್ಕಳ ವೈದ್ಯರೂ ಇದನ್ನು ಕೇಳುತ್ತಾರೆ. ಬೀಗ ಇಲ್ಲ ಅಂತ ಗೊತ್ತಾದರೆ, ಆ ಮಗುವನ್ನೇ ನಿಮ್ಮ ಮನೆಗೆ ಕರೆಯಿರಿ.

ಗ್ರೀನ್ ಕಾರ್ಡ್ ಬಂದು ನೀವೇ ಕೊಂಡರೆ ಬೀಗದ ಹೊಣೆ ನಿಮ್ಮದು. 2021ರಲ್ಲಿ ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗ ನಾಲ್ವರು ಸಹಪಾಠಿಗಳನ್ನು ಕೊಂದ. ಪಿಸ್ತೂಲು ಅಪ್ಪ ಕೊಂಡದ್ದು. 2024ರಲ್ಲಿ ಅಪ್ಪನಿಗೂ ಅಮ್ಮನಿಗೂ 10ರಿಂದ 15 ವರ್ಷ ಸೆರೆಮನೆ ಆಯಿತು. ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಮನೆಯ ಬಂದೂಕಿಗೆ ಬೀಗ ಹಾಕದಿರುವುದೇ ತಪ್ಪು. ಯಾರಾದರೂ ತನಗೋ ಬೇರೆಯವರಿಗೋ ಹಾನಿ ಮಾಡಿಕೊಳ್ಳುವ ಲಕ್ಷಣ ಕಂಡರೆ, ಅವರ ಬಂದೂಕನ್ನು ಸ್ವಲ್ಪ ಕಾಲ ತೆಗೆದುಕೊಳ್ಳಲು ನ್ಯಾಯಾಲಯವನ್ನು ಕೇಳುವ ದಾರಿ ಸುಮಾರು 20 ರಾಜ್ಯಗಳಲ್ಲಿದೆ. ಮನೆಯ ಹುಡುಗ ಮಂಕಾಗಿ ಕೂತರೆ ಪರೀಕ್ಷೆ ಟೆನ್ಷನ್ ಅಂತ ಬಿಟ್ಟುಬಿಡಬೇಡಿ. ಜೀವ ಬೇಡ ಅನ್ನಿಸುವವರಿಗೆ ಇರುವ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಮೆಸೇಜೂ ಮಾಡಬಹುದು.

ಹದಿನಾಲ್ಕು, ಹದಿನೈದರ ಹುಡುಗರಿಗೆ ಇನ್ನೊಂದು ಮಾತು ಹೇಳಿಡಿ. "ನಾಳೆ ಶಾಲೆಗೆ ಗನ್ ತರ್ತೀನಿ ನೋಡು" ಅಂತ ತಮಾಷೆಗೆ ಗ್ರೂಪಿನಲ್ಲಿ ಬರೆದರೂ ಪೊಲೀಸರು ಮನೆಗೆ ಬರುತ್ತಾರೆ. ತಮಾಷೆ ಅಂದರೆ ಬಿಡುವುದಿಲ್ಲ. ನಿಜವಾದ ಬಂದೂಕು ಒಯ್ದು ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಒಂದು ವರ್ಷ ಶಾಲೆಯಿಂದ ಹೊರಗೆ.

ದೊಡ್ಡವರೂ ಕೆಲವು ಅಭ್ಯಾಸ ಬಿಡಬೇಕಾಗುತ್ತದೆ. ನಮ್ಮಲ್ಲಿ ಪೊಲೀಸರು ಕೈ ಮಾಡಿದರೆ ಕಾರಿನಿಂದ ಇಳಿದು ಅವರ ಹತ್ತಿರ ಹೋಗಿ "ಸಾಹೇಬ್ರೆ" ಅನ್ನುತ್ತೇವೆ. ಅಲ್ಲಿ ಇಳಿಯಲೇಬಾರದು. ಯಾವ ಕಾರಿನಲ್ಲೂ ಬಂದೂಕು ಇರಬಹುದು ಅಂತ ಅವರು ಅಂದುಕೊಂಡೇ ಬರುತ್ತಾರೆ. ಕೈ ಎರಡೂ ಸ್ಟೇರಿಂಗ್ ಮೇಲಿರಲಿ. ಲೈಸೆನ್ಸ್ ತೆಗೆಯುವ ಮುಂಚೆ ತೆಗೆಯುತ್ತೇನೆ ಅಂತ ಹೇಳಿ. ಊರಿಂದ ಬಂದ ಅವ್ವ, ಅಪ್ಪ ಬೆಳಗಿನ ವಾಕಿಂಗಿನಲ್ಲಿ ಪೂಜೆಗೆ ಅಂತ ಪಕ್ಕದವರ ಹಿತ್ತಲಿನಲ್ಲಿ ಹೂ ಕೀಳಲು ಹೋಗಬಾರದು. 2023ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆದುಕೊಂಡು ಬರಲು ಹೋದ 16 ವರ್ಷದ ಹುಡುಗ ತಪ್ಪಿ ಬೇರೆ ಮನೆಯ ಗಂಟೆ ಒತ್ತಿದ. ಒಳಗಿನವನು ಗುಂಡು ಹಾರಿಸಿದ. ಹುಡುಗ ಹೇಗೋ ಬದುಕಿದ.

ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇರುತ್ತದೆ, ಅಂದರೆ ಬಂದೂಕಿನವನು ನುಗ್ಗಿದರೆ ಏನು ಮಾಡಬೇಕು ಅನ್ನುವ ಅಭ್ಯಾಸ. ದೀಪ ಆರಿಸಿ, ಬಾಗಿಲು ಹಾಕಿ, ಮಕ್ಕಳನ್ನು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸುತ್ತಾರೆ. ಮೊದಲ ಸಲ ಅದನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ. ಮಗುವಿಗೆ ಮುಂಚೆಯೇ ಮನೆ ಭಾಷೆಯಲ್ಲಿ ಹೇಳಿ: ಬೆಂಕಿ ಬಿದ್ದರೆ ಹೇಗೆ ಹೊರಗೆ ಹೋಗಬೇಕು ಅಂತ ಕಲಿಸುವ ಹಾಗೆ ಇದೂ ಒಂದು, ಟೀಚರ್ ಹೇಳಿದ ಹಾಗೆ ಕೇಳು. ನಿಜವಾಗಿ ಲಾಕ್‌ಡೌನ್ ಆದ ದಿನ ಶಾಲೆಗೆ ಓಡಬೇಡಿ, ಮಗುವಿಗೆ ಫೋನ್ ಮಾಡಬೇಡಿ, ಅದರ ಸದ್ದೇ ಅಪಾಯ. ಎಲ್ಲಿಗೆ ಬರಬೇಕು ಅಂತ ಶಾಲೆಯವರು ಮೆಸೇಜ್ ಕಳಿಸುತ್ತಾರೆ. ಅಲ್ಲಿ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ಶಾಲೆಯ ಪಟ್ಟಿಯಲ್ಲಿ ಹೆಸರಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ.

ಅಕ್ಕ ಬರುವ ದಸರಾಕ್ಕೆ ಡಲ್ಲಾಸ್‌ಗೆ ಹೋಗುತ್ತಾಳೆ. ಹೋದ ವಾರವೇ ಅವಳ ಹೆಸರನ್ನು, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಶಾಲೆಯ ಪಟ್ಟಿಗೆ ಸೇರಿಸು ಅಂತ ಅವಳ ಮಗಳಿಗೆ ಹೇಳಿದ್ದೇನೆ.