ದಾಳಿಂಬೆ ಸಿಪ್ಪೆ ಎಷ್ಟು ರ‍್ಯಾಡಿಕಲ್ ತಣಿಸುತ್ತದೆ? ಇಪಿಆರ್‌ನಲ್ಲಿ ಅಳೆಯುವ ಬಗೆ

ಬಾಗಲಕೋಟೆ ಸೀಮೆಯ ದಾಳಿಂಬೆ ಸಿಪ್ಪೆಯ ಸಾರವನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಡಿಪಿಪಿಎಚ್ ಎಂಬ ಸ್ಥಿರ ರ‍್ಯಾಡಿಕಲ್‌ನ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು) ದ್ರಾವಣದ ನೇರಳೆ ಬಣ್ಣ ಇಳಿಯುವುದನ್ನು 517 ನ್ಯಾನೋಮೀಟರ್‌ನಲ್ಲಿ ನೋಡುತ್ತಾರೆ. ಸಾರಕ್ಕೂ ತನ್ನದೇ ಬಣ್ಣ ಇರುವುದರಿಂದ ಲೆಕ್ಕ ತಪ್ಪಬಹುದು. ಇಪಿಆರ್‌ಗೆ (ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೊನೆನ್ಸ್ ಅಳತೆ) ಬಣ್ಣದ ಹಂಗಿಲ್ಲ. ಅದು ಹಿಡಿಯುವುದು ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳನ್ನು.

ಅಳತೆಗೋಲಾಗಿ ಟೆಂಪಾಲ್ ಎಂಬ ಇನ್ನೊಂದು ಸ್ಥಿರ ರ‍್ಯಾಡಿಕಲ್ ಬಳಸಿ. 17.2 ಮಿಲಿಗ್ರಾಂ ಟೆಂಪಾಲನ್ನು ಇಥೆನಾಲ್‌ನಲ್ಲಿ ಕರಗಿಸಿ 100 ಮಿ.ಲೀ.ಗೆ ತಂದರೆ 1 ಮಿಲಿಮೋಲಾರ್. ಅದನ್ನು ತೆಳುಮಾಡಿ 0.02, 0.05, 0.1, 0.2 ಮಿಲಿಮೋಲಾರ್ ಮಾಡಿಕೊಳ್ಳಿ. ಡಿಪಿಪಿಎಚ್ 9.85 ಮಿಲಿಗ್ರಾಂ ತೂಗಿ, ಕಂದು ಬಣ್ಣದ ಫ್ಲಾಸ್ಕಿನಲ್ಲಿ 250 ಮಿ.ಲೀ. ಮಾಡಿದರೆ 0.1 ಮಿಲಿಮೋಲಾರ್. ಬೆಳಕು ಬಿದ್ದರೆ ಕೆಡುತ್ತದೆ, ಅಂದಂದೇ ತಯಾರಿಸಿ.

980 ಮೈಕ್ರೋಲೀಟರ್ ಡಿಪಿಪಿಎಚ್‌ಗೆ 20 ಮೈಕ್ರೋಲೀಟರ್ ಸಾರ ಹಾಕಿ ಕತ್ತಲಲ್ಲಿ 30 ನಿಮಿಷ ಇಡಿ. ಹೋಲಿಕೆಯ ಮಾದರಿಗೆ ಸಾರದ ಬದಲು ಸಾರ ಕರಗಿರುವ ದ್ರಾವಕ ಮಾತ್ರ 20 ಮೈಕ್ರೋಲೀಟರ್. ಎಲ್ಲವನ್ನೂ ಒಂದೇ ಅಳತೆಯ 50 ಮೈಕ್ರೋಲೀಟರ್ ಕ್ಯಾಪಿಲರಿಗಳಲ್ಲಿ (ತೆಳು ಗಾಜಿನ ನಳಿಕೆ) ತುಂಬಿ, ತುದಿ ಮುಚ್ಚಿ, ಯಂತ್ರದಲ್ಲಿ ಮಾದರಿ ಇಡುವ ಕ್ಯಾವಿಟಿಯಲ್ಲಿ ಒಂದೇ ಎತ್ತರಕ್ಕೆ ಇಳಿಸಿ.

9.5 ಗಿಗಾಹರ್ಟ್ಸ್‌ನಲ್ಲಿ ಸಿಗ್ನಲ್ 339 ಮಿಲಿಟೆಸ್ಲಾ ಕಾಂತಕ್ಷೇತ್ರದ ಸುತ್ತ ಬರುತ್ತದೆ. 15 ಮಿಲಿಟೆಸ್ಲಾ ಅಗಲ ಸ್ಕ್ಯಾನ್ ಮಾಡಿ, ಮಾಡ್ಯುಲೇಷನ್ (ಕ್ಷೇತ್ರದ ಸಣ್ಣ ಏರಿಳಿತ) 0.1 ಮಿಲಿಟೆಸ್ಲಾ ಇರಲಿ. ಮೈಕ್ರೋವೇವ್ ಪವರ್ ನಾಲ್ಕು ಪಟ್ಟು ಏರಿಸಿದಾಗ ಸಿಗ್ನಲ್ ಎರಡು ಪಟ್ಟಾಗಬೇಕು. ಆಗದಿದ್ದರೆ ಸ್ಯಾಚುರೇಷನ್, ಪವರ್ ಇಳಿಸಿ.

ಬಹಳ ಮಂದಿ ಎಡವುವುದು ಇಲ್ಲಿ: ರೇಖೆಯ ಎತ್ತರ ಹೋಲಿಸುತ್ತಾರೆ. ಟೆಂಪಾಲ್‌ಗೆ ಮೂರು ಚೂಪು ರೇಖೆ, ಡಿಪಿಪಿಎಚ್‌ಗೆ ಐದು ಅಗಲ ರೇಖೆ. ಸಾಂದ್ರತೆ ಒಂದೇ ಇದ್ದರೂ ಎತ್ತರ ಬೇರೆ. ಕರಗಿದ ಆಮ್ಲಜನಕವೂ ರೇಖೆಯನ್ನು ಅಗಲಿಸಿ ತಗ್ಗಿಸುತ್ತದೆ. ಯಂತ್ರ ಕೊಡುವುದು ಮೊದಲ ಅವಕಲನ, ಆದ್ದರಿಂದ ಎರಡು ಬಾರಿ ಸಮಾಕಲನ ಮಾಡಿ ವಿಸ್ತೀರ್ಣ ತೆಗೆಯಿರಿ. ಅದಕ್ಕೂ ಮೊದಲು ಬರೀ ಇಥೆನಾಲ್ ಕ್ಯಾಪಿಲರಿಯ ಸ್ಕ್ಯಾನ್ ಕಳೆಯಿರಿ. ಮೊದಲ ಸಮಾಕಲನದ ವಕ್ರ ಎರಡೂ ತುದಿಯಲ್ಲಿ ಸೊನ್ನೆಗೆ ಇಳಿಯದಿದ್ದರೆ ಬೇಸ್‌ಲೈನ್ ವಾಲಿದೆ. ಆ ಸಣ್ಣ ವಾಲು ಎರಡನೇ ಸುತ್ತಿನಲ್ಲಿ ದೊಡ್ಡ ತಪ್ಪಾಗುತ್ತದೆ.

ಟೆಂಪಾಲ್ ವಿಸ್ತೀರ್ಣಗಳ ಸರಳರೇಖೆಯ ಇಳಿಜಾರಿನಿಂದ ಮಾದರಿಯ ವಿಸ್ತೀರ್ಣ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಹೋಲಿಕೆಯ ಮಾದರಿ 0.098 ಮಿಲಿಮೋಲಾರ್‌ಗಿಂತ ಕಡಿಮೆ ತೋರಿದರೆ ಡಿಪಿಪಿಎಚ್ ಹಳೆಯದಿರಬಹುದು. ಬಾಟಲಿಯ ಮೇಲಿನದಲ್ಲ, ಅಳೆದ ಸಂಖ್ಯೆಯನ್ನೇ ಆಧಾರವಾಗಿ ಹಿಡಿದು, ಅದರಿಂದ ಸಾರ ಹಾಕಿದ ಮಾದರಿಯದನ್ನು ಕಳೆಯಿರಿ; ತಣಿದ ರ‍್ಯಾಡಿಕಲ್ ಅಷ್ಟು.

ನಮ್ಮ ಬೇಸಿಗೆಯ ಲೆಕ್ಕವನ್ನೂ ಮರೆಯಬೇಡಿ. ಕೋಣೆ 25ರಿಂದ 40 ಡಿಗ್ರಿಗೆ ಏರಿದರೆ ಸಿಗ್ನಲ್ ಸುಮಾರು 5 ಶೇಕಡಾ ತಾನಾಗಿಯೇ ಇಳಿಯುತ್ತದೆ; ಮುಚ್ಚಳ ಸಡಿಲಿದ್ದರೆ ಇಥೆನಾಲ್ ಆರಿ ದ್ರಾವಣ ಗಟ್ಟಿಯಾಗುತ್ತದೆ. ಟೆಂಪಾಲ್ ಮತ್ತು ಮಾದರಿಗಳನ್ನು ಒಂದೇ ಬೈಠಕ್ಕಿನಲ್ಲಿ ಅಳೆಯಿರಿ. ಸಿಪ್ಪೆಯ ಸಾರ ಜೋರು. ಸಿಗ್ನಲ್ ಪೂರ್ತಿ ಮಾಯವಾದರೆ ಅದು ಫಲಿತಾಂಶವಲ್ಲ. ಸಾರವನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಹಾಕಿ.