ಹೊಟ್ಟೆಯ ರೋಗಾಣು ಕೂಸಿನ ತಲೆಗೇರಿದರೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆ ಎರಡು ತಿಂಗಳ ಕೂಸಿಗೆ ಭೇದಿಯಾದರೆ ಮನೆಯಲ್ಲಿ ಮೊದಲು ಏಳುವ ಮಾತು, ‘ಬಜೆ ತೇದು ನೆಕ್ಕಿಸಿ’. ಹೆಚ್ಚಿನ ಸಲ ಭೇದಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಬಜೆಗೆ ಹೋಗುತ್ತದೆ. ಆದರೆ ಕಾರಣ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆಗಿದ್ದರೆ ಲೆಕ್ಕ ಬೇರೆ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಹೊಟ್ಟೆ ಕೆಡಿಸಿ ಹೊರಟುಹೋಗುತ್ತದೆ. ವರ್ಷ ತುಂಬದ, ಅದರಲ್ಲೂ ಮೂರು ತಿಂಗಳೊಳಗಿನ ಕೂಸಿನಲ್ಲಿ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿನ ಪೊರೆಗೆ ದಾಟಬಹುದು. ಇದೇ ಸಾಲ್ಮೊನೆಲ್ಲಾ ಮೆನಿಂಜೈಟಿಸ್. ಅಪರೂಪದ ಕಾಯಿಲೆ, ಬಂದರೆ ಮಾತ್ರ ಜೀವಕ್ಕೇ ಕುತ್ತು.

ಮೊದಲು ಜ್ವರ ಅಳೆಯಿರಿ. ಹಣೆ ಮುಟ್ಟಿ ನೋಡುವ ಅಜ್ಜಿಯ ಅಂಗೈ ಮೇಲೆ ನನಗೂ ಗೌರವವಿದೆ, ಆದರೂ ಥರ್ಮಾಮೀಟರ್ ಇರಲಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆ ಹೊತ್ತೇ ಆಸ್ಪತ್ರೆಗೆ ಹೊರಡಬೇಕು. ಪ್ಯಾರಾಸಿಟಮಾಲ್ ಹನಿ ಹಾಕಿ ಬೆಳಗಿನವರೆಗೆ ಕಾಯುವಂತಿಲ್ಲ. ಎಳೆಗೂಸಿನ ಮೈ ಬಿಸಿಯಾಗುವ ಬದಲು ತಣ್ಣಗಾಗುವುದೂ ಉಂಟು. ಅದೂ ಅಷ್ಟೇ ಅಪಾಯದ ಸೂಚನೆ.

ಬಳಿಕ ಮಗುವನ್ನೇ ನೋಡಿ. ಕತ್ತು ಸೆಟೆಯುವುದು ಮೆನಿಂಜೈಟಿಸ್‌ನ ಲಕ್ಷಣವೆಂದು ಕೇಳಿರುತ್ತೀರಿ. ಕೂಸುಗಳಲ್ಲಿ ಅದು ಕಾಣದೇ ಇರಬಹುದು. ಮೊಲೆ ಹಿಡಿಯದಿರುವುದು, ಎಬ್ಬಿಸಿದರೂ ಬಿಡದ ಮಂಪರು, ಎತ್ತಿಕೊಂಡರೂ ಸಮಾಧಾನವಾಗದ ಕೀರಲು ಅಳು, ವಾಂತಿ, ಕೈಕಾಲಿನ ಸೆಳೆತ, ಇವು ಮುಖ್ಯ. ಮಗು ಅಳದಿರುವಾಗ ನೆಟ್ಟಗೆ ಎತ್ತಿ ಹಿಡಿದು ನೆತ್ತಿಯ ಮೆತ್ತನೆಯ ಜಾಗವನ್ನು ಮುಟ್ಟಿ. ಉಬ್ಬಿ ಬಿಗಿದಿದ್ದರೆ ತಡಮಾಡಬೇಡಿ. ಉಬ್ಬಿಲ್ಲವೆಂದು ನೆಮ್ಮದಿಯಾಗುವುದೂ ಬೇಡ: ಭೇದಿಯಿಂದ ಮೈಯ ನೀರು ಹೋದಾಗ ನೆತ್ತಿ ಗುಳಿ ಬೀಳುವುದರಿಂದ ಉಬ್ಬು ಕಾಣದೇ ಹೋಗಬಹುದು.

ಕಾಸರಗೋಡಿಗೋ, ತಲಪಾಡಿ ದಾಟಿ ಮಂಗಳೂರಿಗೋ ಎಂಬ ಚರ್ಚೆ ನಮ್ಮ ಕಡೆ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ನಡೆಯುತ್ತದೆ. ಎಳೆಗೂಸುಗಳ ತೀವ್ರ ನಿಗಾ ಘಟಕ ಹತ್ತಿರದಲ್ಲಿ ಎಲ್ಲಿದೆಯೆಂದು ಹೆರಿಗೆಗೆ ಮುಂಚೆಯೇ ವಿಚಾರಿಸಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ. ಆಂಬುಲೆನ್ಸ್ ಸಂಖ್ಯೆ ಕೇರಳ-ಕರ್ನಾಟಕ ಗಡಿಯ ಎರಡೂ ಬದಿಗಳಲ್ಲಿ 108.

ಆಸ್ಪತ್ರೆಯಲ್ಲಿ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಜೊತೆಗೆ ಬೆನ್ನಿನಿಂದ ನೀರು ತೆಗೆಯಲು ಸಹಿ ಕೇಳುತ್ತಾರೆ. ಇಲ್ಲಿಯೇ ಬಂಧುಗಳು ಅಡ್ಡ ಬರುವುದು. ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುತ್ತದೆಂಬ ಭಯ. ಸೂಜಿ ಇಳಿಯುವುದು ಬೆನ್ನುಹುರಿ ಮುಗಿದಲ್ಲಿಂದ ಕೆಳಗೆ. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಆ ಕೆಲವು ಹನಿಗಳೇ ಹೇಳಬೇಕು. ಸಹಿ ಹಾಕಿ.

ಕಷ್ಟದ ಹಂತ ಮುಂದಿದೆ. ಸೆಫೊಟಾಕ್ಸಿಮ್ ಅಥವಾ ಸೆಫ್ಟ್ರಿಯಾಕ್ಸೋನ್ ಬಗೆಯ ಚುಚ್ಚುಮದ್ದು ಕಡಿಮೆಯೆಂದರೂ ನಾಲ್ಕು ವಾರ ಬೇಕು. ವಾರದೊಳಗೆ ಜ್ವರ ಇಳಿದು ಮಗು ಹಾಲು ಕುಡಿಯತೊಡಗಿದರೆ ಮನೆಯ ನೆನಪಾಗುತ್ತದೆ. ಅಡಕೆ ತೋಟ, ದನಗಳು, ಬಿಲ್ಲು ಎಲ್ಲವೂ ಕರೆಯುತ್ತವೆ. ಆದರೆ ಸಾಲ್ಮೊನೆಲ್ಲಾ ನಮ್ಮದೇ ಜೀವಕೋಶಗಳ ಒಳಗೆ ಅವಿತು ಕೂರಬಲ್ಲದು. ಮದ್ದು ಅರ್ಧಕ್ಕೆ ನಿಂತರೆ ಕಾಯಿಲೆ ಮರುಕಳಿಸಬಹುದು. ಮಿದುಳಿನಲ್ಲಿ ಕೀವುಗಟ್ಟುವುದು, ಮಿದುಳಿನ ಸುತ್ತ ದ್ರವ ಸೇರುವುದು ಇದೇ ಅವಧಿಯಲ್ಲಿ ಆಗುವುದರಿಂದ ಸ್ಕ್ಯಾನ್ ಮತ್ತೆ ಮಾಡಿಸಿದರೆ ವ್ಯರ್ಥ ಖರ್ಚೆಂದು ಗೊಣಗಬೇಡಿ.

ತಡೆಯುವುದು ಹೇಗೆ? ಕೋಳಿಗೂಡು, ಹಸಿ ಮಾಂಸ, ಮೊಟ್ಟೆಯ ಸಿಪ್ಪೆ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಆರು ತಿಂಗಳು ಎದೆಹಾಲು ಸಾಕು. ಸಾಕಿದ ಆಮೆಯಿಂದಲೂ ಹರಡುತ್ತದೆ. ಪೆಂಟಾವೇಲೆಂಟ್ ಲಸಿಕೆ ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಇನ್ನೊಂದು ಮೆನಿಂಜೈಟಿಸ್ ತಡೆಯುತ್ತದೆ, ಇದನ್ನಲ್ಲ.

ಮನೆಗೆ ಬಂದ ಮೇಲೆ ಮಗುವಿನ ತಲೆ ಅಳೆಯುತ್ತಿರಬೇಕು, ಅದಕ್ಕೆ ದರ್ಜಿಯ ಟೇಪು ಸಾಕು. ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಸುತ್ತಿ ವಾರಕ್ಕೊಮ್ಮೆ ಅಳೆದು ಬರೆದಿಡಿ. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕಿಂತ ಬೇಗ ಹಿಗ್ಗುತ್ತಿದ್ದರೆ ತಲೆಯೊಳಗೆ ನೀರು ತುಂಬುತ್ತಿರಬಹುದು. ನೀರು ಹರಿಸುವ ಶಂಟ್ ಕೊಳವೆ ಬೇಕಾದೀತು. ಮೆನಿಂಜೈಟಿಸ್ ಕಿವಿಯನ್ನೂ ಕೆಡಿಸಬಹುದಾದ್ದರಿಂದ ಶ್ರವಣ ಪರೀಕ್ಷೆಯನ್ನು ಬಿಡುಗಡೆಗೆ ಮುಂಚೆ ಅಥವಾ ಬಿಡುಗಡೆಯಾದ ತಿಂಗಳೊಳಗೆ ಮಾಡಿಸಿ. ಚಪ್ಪಾಳೆಗೆ ತಿರುಗುತ್ತದೆಂದು ಬಿಟ್ಟರೆ ಒಂದು ಕಿವಿಯ ಕಿವುಡು ಮಗು ಶಾಲೆ ಸೇರುವವರೆಗೂ ತಿಳಿಯದೇ ಉಳಿದೀತು.