ಪಿನ್‌ಕೋಡ್ ಸೋಸಲು ಶೆಲ್‌ನ ಕೇಸ್

ಕಾರವಾರದ 581301, ಶಿರಸಿಯ 581401 ಇಂಥ ಪಿನ್‌ಗಳನ್ನು ಸೋಸಲು ಶೆಲ್‌ನ (ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಂ) ಕೇಸ್ ಒಂದೇ ಸಾಕು, ಪಠ್ಯ ಹುಡುಕುವ ಗ್ರೆಪ್ ಆಜ್ಞೆ ಬೇಡ. ಕೇಸ್ ಎಂದರೆ ಒಂದು ಮೌಲ್ಯವನ್ನು ಸಾಲಾಗಿ ಬರೆದ ಮಾದರಿಗಳಿಗೆ ಮೇಲಿನಿಂದ ಹೋಲಿಸುವ case ಆಜ್ಞೆ. ಮೊದಲು ತಪ್ಪನ್ನು ಹಿಡಿಯಿರಿ:

''|*[!0-9]*) ಖಾಲಿ, ಅಥವಾ ಅಂಕಿಯಲ್ಲದ್ದು ಒಂದಾದರೂ ಇದೆ
581301) ಕಾರವಾರ
581[34][0-9][0-9]) 5813 ಅಥವಾ 5814ರಿಂದ ಶುರುವಾಗುವ ಆರಂಕಿ
*) ಉಳಿದದ್ದು

ಪ್ರತಿ ಕವಲನ್ನೂ ;; ಹಾಕಿ ಮುಗಿಸಿ. ಮೊದಲು ಹೊಂದಿದ್ದೇ ಗೆಲ್ಲುತ್ತದೆ. 581301ರ ಸಾಲು 581[34] ಸಾಲಿನ ಕೆಳಗಿಳಿದರೆ ಅದರ ಸರದಿ ಬರುವುದೇ ಇಲ್ಲ.

ಎಡವುವುದು ಹೆಚ್ಚಾಗಿ [0-9]* ಬರೆದಾಗ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಗ್ರೆಪ್ ಬಳಸುವ ಇನ್ನೊಂದು ಮಾದರಿ ಭಾಷೆ) ರೂಢಿಯವರಿಗೆ ಇದು ‘ಎಷ್ಟಾದರೂ ಅಂಕಿ’ ಎನಿಸುತ್ತದೆ. ಇಲ್ಲಿ ಚೌಕ ಆವರಣ ಒಂದೇ ಅಕ್ಷರಕ್ಕೆ, ನಕ್ಷತ್ರ ಯಾವುದಕ್ಕೂ ಸೈ. ‘5ಮೀನು’ ಕೂಡ ಪಾಸಾಗುತ್ತದೆ! ಆವರಣವನ್ನು ಉದ್ಧರಣ ಚಿಹ್ನೆಯೊಳಗಿಟ್ಟರೆ ಅದು ಬರೀ ಅಕ್ಷರಸಾಲು. ಆವರಣದೊಳಗೆ ‘ಇವಲ್ಲದ್ದು’ ಎನ್ನಲು ! ಬಳಸಿ, ^ ಎಲ್ಲ ಶೆಲ್‌ಗಳಲ್ಲೂ ನಡೆಯುತ್ತದೆಂಬ ಖಾತ್ರಿಯಿಲ್ಲ.

ಸರಿಯಾಗಿ ಕಾಣುವ ಪಿನ್ ತಿರಸ್ಕೃತವಾದರೆ, ವಿಂಡೋಸ್ ಕಡತದ ಸಾಲಿನ ತುದಿಗೆ ಅಂಟಿದ, ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಕ್ಷರ ಇದೆಯೇ ನೋಡಿ.